ಮೀನಖಂಡದ ವರದಿಗಾರರು ಮೌನವಾಗಿರುವ ಬಗ್ಗೆ

ಇವರಿಗೆ,
ಸಂವೇದಕ ಮಹಾಶಯರು,
ಸ್ನಾಯುಗಳ ಒಳಗೆ ಕಾಯಂ ವಾಸ,
ಮೀನಖಂಡ, ತೊಡೆ ಮತ್ತು ಪಾದ ಶಾಖೆಗಳು, ಎಡ ಹಾಗೂ ಬಲ.

ಮಾನ್ಯರೇ,

ಐವತ್ತೆರಡು ವರ್ಷಗಳಿಂದ ಒಂದೇ ಚರ್ಮದ ಸೂರಿನಡಿ ವಾಸಿಸುತ್ತಿದ್ದರೂ ತಮ್ಮ ಯೋಗಕ್ಷೇಮವನ್ನು ಒಂದು ದಿನವೂ ವಿಚಾರಿಸದ ಈ ಕೃತಘ್ನನ ಸಾಷ್ಟಾಂಗ ಪ್ರಣಾಮಗಳನ್ನು ತಾವು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು. ಸಾಷ್ಟಾಂಗ ಎಂಬ ಪದವನ್ನು ನಾನು ಅಲಂಕಾರಕ್ಕೆಂದು ಬಳಸಿಲ್ಲ; ಕಳೆದ ನಾಲ್ಕು ತಿಂಗಳಲ್ಲಿ ತಮ್ಮ ಕೃಪೆಯಿಂದ ಮೂರು ಬಾರಿ ಅಕ್ಷರಶಃ ಹಾಗೆಯೇ ಮಲಗಿದ್ದೇನೆ. ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥ ಮಾಡಬಾರದೆಂದು ಸಂಗತಿಗಳನ್ನು ಮೊದಲೇ ಕ್ರಮವಾಗಿ ನಿವೇದಿಸುತ್ತೇನೆ.

೧. ದೂರುದಾರನ ವಯಸ್ಸು ಐವತ್ತೆರಡು. ಎತ್ತರ ನೂರ ಎಪ್ಪತ್ತೊಂದು ಸೆಂಟಿಮೀಟರು. ತೂಕ, ಚಪ್ಪಲಿ ಬಿಟ್ಟು, ಎಪ್ಪತ್ತನಾಲ್ಕು ಕಿಲೋ. ವೃತ್ತಿ ಲಿಫ್ಟ್ ದುರಸ್ತಿ, ಇಪ್ಪತ್ತೆಂಟು ವರ್ಷಗಳಿಂದ.

೨. ಲಿಫ್ಟಿನ ಪೆಟ್ಟಿಗೆ ಓಡಾಡುವ ಕತ್ತಲೆಯ ಬಾವಿಯಲ್ಲಿ, ಅಂದರೆ ಶಾಫ್ಟಿನಲ್ಲಿ, ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವುದು ದೂರುದಾರನ ದಿನಚರಿ. ಅದೇ ಹೊತ್ತಿಗೆ ಬಾವಿಯ ತಳದ ಗುಂಡಿಯಲ್ಲಿ ಅವನ ಜೊತೆಗಾರ ಕೆಲಸ ಮಾಡುತ್ತಿರುತ್ತಾನೆ.

೩. ನಾಲ್ಕು ತಿಂಗಳಿಂದ ದೂರುದಾರನು ಕಣ್ಣು ಮುಚ್ಚಿದರೆ ತನ್ನ ಪಾದಗಳು ಎಲ್ಲಿವೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಕಣ್ಣು ತೆರೆದರೆ ಪಾದಗಳು ಹಿಂದೆ ಬಿಟ್ಟ ಜಾಗದಲ್ಲೇ ಇರುತ್ತವೆ.

೪. ಬಿದ್ದ ಸಂದರ್ಭಗಳು: ಮುಖಕ್ಕೆ ಸೋಪು ಹಚ್ಚಿದಾಗ ಒಮ್ಮೆ, ಬನಿಯನ್ ತಲೆಯ ಮೇಲಿಂದ ಎಳೆಯುವಾಗ ಒಮ್ಮೆ, ಟವೆಲಿನಿಂದ ತಲೆ ಒರೆಸುವಾಗ ಒಮ್ಮೆ. ಮೂರರಲ್ಲೂ ಕಣ್ಣು ಮರೆಯಾದ ಅವಧಿ ನಾಲ್ಕು ಸೆಕೆಂಡಿಗಿಂತ ಕಡಿಮೆ.

೫. ಮದ್ಯಪಾನ: ಇಲ್ಲ. ಕನ್ನಡಕ: ಹೊಸದು. ಬಚ್ಚಲ ನೆಲ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ದೂರುದಾರನು ಅಷ್ಟಕ್ಕೆ ನಿಲ್ಲದೆ ರಸಮಟ್ಟವಿಟ್ಟು ಅಳೆದೇ ನೋಡಿದ್ದಾನೆ. ನೆಲ ನೆಟ್ಟಗಿದೆ.

೬. ಈ ವಿಷಯವನ್ನು ತಿಳಿಸಿದ್ದು: ಯಾರಿಗೂ ಇಲ್ಲ.

ತಾವು ಎಂಬವರು ಇದ್ದೀರಿ ಎಂದು ನನಗೆ ತಿಳಿದದ್ದೇ ಕಳೆದ ವಾರ. ನನ್ನ ಮಗಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಊಟಕ್ಕೆ ಕೂತಾಗ, ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಹೀಗೆ ಕಣ್ಣು ಮುಚ್ಚಿದರೆ ಕಾಲು ತಪ್ಪುತ್ತದಂತೆ, ಏಕಿರಬಹುದು ಎಂದು, ಯಾವುದೋ ಪಕ್ಕದ ಬೀದಿಯ ಸುದ್ದಿ ಕೇಳುವವನಂತೆ ಕೇಳಿದೆ. ಅವಳು ಕೈಯಲ್ಲಿದ್ದ ಚಮಚ ಕೆಳಗಿಟ್ಟು ತರಗತಿಯ ದನಿ ತೆಗೆದಳು. "ಅಪ್ಪಾ, ಕಣ್ಣು ಮುಚ್ಕೋ. ಮೂಗು ಮುಟ್ಕೋ. ಮುಟ್ಟಿದ್ಯಲ್ಲ, ಕೈ ಎಲ್ಲಿದೆ ಅಂತ ನಿನಗೆ ಯಾರು ಹೇಳಿದ್ರು?"

"ಅಂದಾಜು" ಎಂದೆ.

"ಇಪ್ಪತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿ ಅಂದಾಜು ಅಂತೀಯಲ್ಲಪ್ಪಾ! ನಿಮ್ಮ ಲಿಫ್ಟು ಮೂರನೇ ಮಹಡಿಗೆ ಅಂದಾಜಿನ ಮೇಲೆ ಬಂದು ನಿಲ್ಲುತ್ತಾ? ಪ್ರತಿ ಸ್ನಾಯುವಿನ ಒಳಗೂ ಸೆನ್ಸರ್ ಇದೆ. ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ತಾ ಇದೆ ಅಂತ ಸುದ್ದಿ ಕಳಿಸ್ತಾನೇ ಇರುತ್ತೆ."

ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಕಚೇರೀಲಿ ಒಬ್ಬರಂತೆ. ಆ ಒಬ್ಬರು ದಿನಾ ನಮ್ಮ ಬಚ್ಚಲ ಕನ್ನಡಿಗೆ ಹಣೆ ಒತ್ತಿ ಮುಖ ತೊಳೀತಾರೆ. ದಿನಾ ನಾನು ಆ ದುಂಡನೆ ಕಲೆ ಒರೆಸ್ತೀನಿ. ಮೊದಮೊದಲು ಈ ವಯಸ್ಸಲ್ಲಿ ತಮ್ಮ ಮುಖಕ್ಕೆ ತಾವೇ ಮನಸೋತಿದ್ದಾರೇನೋ ಅಂದ್ಕೊಂಡೆ."

ಮಗಳು ನಕ್ಕಳು. ನಾನು ನೀರು ಕುಡಿದೆ. ಹೆಂಡತಿ ನಗಲಿಲ್ಲ.

ಆನಂತರ ಮಗಳ ಪುಸ್ತಕವೊಂದನ್ನು ತೆಗೆದು ತಮ್ಮ ಬಗ್ಗೆ ಓದಿದೆ; ಓದಿದಷ್ಟೂ ತಮ್ಮ ಮೇಲಿನ ಗೌರವ ಹೆಚ್ಚಾಯಿತು, ಗೌರವದ ಜೊತೆಗೆ ಸಿಟ್ಟೂ ಹೆಚ್ಚಾಯಿತು. ನೂಲುವ ಕದಿರಿನಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಪೂರವಾದ, ಕೆಲವೇ ಮಿಲಿಮೀಟರು ಉದ್ದದ ತಾವು, ಸ್ನಾಯುವಿನ ಎಳೆಗಳ ಪಕ್ಕಪಕ್ಕದಲ್ಲಿ ಅವುಗಳ ಜೊತೆಗೇ ಮಲಗಿರುತ್ತೀರಿ. ಸ್ನಾಯು ಹಿಗ್ಗಿದರೆ ತಾವೂ ಹಿಗ್ಗಿ, ಎಷ್ಟು ಹಿಗ್ಗಿತು ಮತ್ತು ಯಾವ ವೇಗದಲ್ಲಿ ಹಿಗ್ಗಿತು ಎಂಬ ಎರಡು ಅಂಕಿಗಳನ್ನು ನರದ ಮೂಲಕ ರವಾನಿಸುತ್ತೀರಿ. ನಮ್ಮಲ್ಲಿ ಮೋಟಾರಿನ ತುದಿಗೆ ಕೂರಿಸಿದ ಒಂದು ಉಪಕರಣ ಇದೇ ಕೆಲಸವನ್ನು ಮಾಡುತ್ತದೆ, ಆದರೆ ಅದು ಎರಡು ವರ್ಷಕ್ಕೊಮ್ಮೆ ಕೆಡುತ್ತದೆ. ಸ್ನಾಯು ಕುಗ್ಗಿ ಗಿಡ್ಡವಾದಾಗ ತಾವು ಸಡಿಲಗೊಂಡು ಕುರುಡಾಗಬಾರದೆಂದು ತಮ್ಮ ಎರಡೂ ತುದಿಗಳಲ್ಲಿ ಎಳೆದು ಬಿಗಿಮಾಡುವ ಪುಟ್ಟ ಎಳೆಗಳಿವೆಯಂತೆ. ಹಗ್ಗ ಸಡಿಲವಾದರೆ ಬಿಗಿಮಾಡುವುದಕ್ಕೆ ನಾವು ಇಬ್ಬರು ಮನುಷ್ಯರನ್ನೂ ಅರ್ಧ ದಿನವನ್ನೂ ತೆಗೆದಿರಿಸುತ್ತೇವೆ. ತಮ್ಮ ದಾಯಾದಿಗಳು ಇನ್ನು ಕೆಲವರು, ಸ್ನಾಯು ಮೂಳೆಗೆ ಕಟ್ಟಿಕೊಳ್ಳುವ ಹುರಿಯ ಬುಡದಲ್ಲಿ ಕುಳಿತು, ಉದ್ದವನ್ನಲ್ಲ, ಎಳೆತದ ಬಲವನ್ನು ಅಳೆಯುತ್ತಾರಂತೆ. ಲಿಫ್ಟಿನಲ್ಲಿ ಹತ್ತನೆಯವರು ಕಾಲಿಟ್ಟಾಗ ಕೀಂ ಎನ್ನುವ ಭಾರಮಾಪಕಕ್ಕೂ ಅವರಿಗೂ ಸಂಬಂಧ ಹತ್ತಿರದ್ದು. ಅವರು ಮಾತ್ರ ಎಲ್ಲರೆದುರು ಕಿರುಚಿ ಯಾರ ಮಾನವನ್ನೂ ಕಳೆಯುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ತಮ್ಮ ಆಡಳಿತ ಪದ್ಧತಿ. ನೆಟ್ಟಗೆ ನಿಂತಿದ್ದೇನೆ ಎಂದು ನಾನು ನಂಬಿರುವಾಗಲೆಲ್ಲ ನಾನು ವಾಸ್ತವದಲ್ಲಿ ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತೂಗುತ್ತಲೇ ಇರುತ್ತೇನಂತೆ. ಮುಂದಕ್ಕೆ ವಾಲಿದಾಗ ಮೀನಖಂಡ ಹಿಗ್ಗುತ್ತದೆ, ತಾವು ವರದಿ ಮಾಡುತ್ತೀರಿ, ಮೇಲಿನ ಕಚೇರಿಯ ಒಪ್ಪಿಗೆಗೆ ಕಾಯದೆ ಬೆನ್ನುಹುರಿಯ ಮಟ್ಟದಲ್ಲೇ ಒಂದು ಆದೇಶ ಹೊರಟು, ಕಣ್ಣು ಮಿಟುಕಿಸುವುದರೊಳಗೆ ಮೀನಖಂಡ ಬಿಗಿಯುತ್ತದೆ. ಮಿಕ್ಕ ತಿದ್ದುಪಡಿಗಳನ್ನು ಮಿದುಳು ಸದ್ದಿಲ್ಲದೆ ಮಾಡುತ್ತದೆ. ಹೀಗೆ ಐವತ್ತೆರಡು ವರ್ಷ ಕ್ಷಣಕ್ಷಣವೂ ನಾನು ಬೀಳುತ್ತಿದ್ದೆ, ಕ್ಷಣಕ್ಷಣವೂ ತಾವು ಎತ್ತುತ್ತಿದ್ದಿರಿ. ನಾನಾದರೋ ನನ್ನ ಸಮತೋಲನದ ಬಗ್ಗೆ ಹೊಸಬರಿಗೆ ಉಪನ್ಯಾಸ ಮಾಡುತ್ತಿದ್ದೆ. ಎಂಟು ಇಂಚಿನ ತೊಲೆಯ ಮೇಲೆ ಕೈಕಟ್ಟಿ ನಿಂತು ತೋರಿಸುತ್ತಲೂ ಇದ್ದೆ. ಎಲ್ಲ ನನ್ನ ಶಿಸ್ತಿನ ಫಲವೆಂದು ತಿಳಿದಿದ್ದೆ.

ಇಂಥ ತಾವು ನಾಲ್ಕು ತಿಂಗಳ ಹಿಂದೆ ವರದಿ ನಿಲ್ಲಿಸಿದಿರಿ. ಮುನ್ಸೂಚನೆಯಿಲ್ಲ, ಕೆಂಪು ದೀಪವಿಲ್ಲ, ಪರದೆಯ ಮೇಲೆ ದೋಷಸಂಖ್ಯೆಯಿಲ್ಲ. ನಾನು ಕೂಡ ತಮಗೆ ತಕ್ಕ ಯಜಮಾನನೇ ಆದ್ದರಿಂದ, ಏನೂ ಆಗಿಲ್ಲವೆಂಬಂತೆ, ತಾವು ಮಾಡುತ್ತಿದ್ದ ಕೆಲಸವನ್ನು ಗುಟ್ಟಾಗಿ ಕಣ್ಣುಗಳಿಗೆ ವಹಿಸಿದೆ. ನಡೆಯುವಾಗ ಪಾದ ನೋಡಿದೆ. ನಿಂತಾಗ ಎದುರಿನ ಗೋಡೆಯ ಒಂದು ಬಿರುಕನ್ನೋ ಮೊಳೆಯನ್ನೋ ಹಿಡಿದು ನಿಂತೆ. ಕತ್ತಲಲ್ಲಿ ಏನು ಮಾಡುವುದು ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ದೂರು ಪೂರ್ಣವಾಗಿರಬೇಕು.

ನಮ್ಮ ಪ್ರತಿ ಶಾಫ್ಟಿಗೂ ಹೆಚ್ಚುವರಿ ದೀಪ ಬೇಕೆಂದು ನಾನು ಕಂಪನಿಗೆ ಮೂರು ಪುಟಗಳ ಪ್ರಸ್ತಾವ ಬರೆದೆ. ಕಾರ್ಮಿಕರ ಕ್ಷೇಮ, ದೂರದೃಷ್ಟಿ, ಜವಾಬ್ದಾರಿ, ಎಲ್ಲ ಪದಗಳೂ ಅದರಲ್ಲಿದ್ದವು. ಬರೆದವನಿಗೆ ಕತ್ತಲಲ್ಲಿ ನಿಲ್ಲಲು ಬರುವುದಿಲ್ಲ ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ. ಪ್ರಸ್ತಾವ ಒಂದೇ ವಾರದಲ್ಲಿ ಮಂಜೂರಾಯಿತು. ಸುರಕ್ಷತಾ ಸಪ್ತಾಹದ ಸಮಾರಂಭದಲ್ಲಿ ನನಗೆ ಕಟ್ಟು ಹಾಕಿಸಿದ ಪ್ರಶಂಸಾಪತ್ರವನ್ನೂ ಒಂದು ಬಿಸಿನೀರಿನ ಫ್ಲಾಸ್ಕನ್ನೂ ಕೊಟ್ಟರು. ಎಲ್ಲರ ಪರವಾಗಿ ಎರಡು ಮಾತಾಡಿದ್ದು ನನ್ನ ಜೊತೆಗಾರ. ಹತ್ತೊಂಬತ್ತು ವರ್ಷಗಳಿಂದ ತಳದ ಗುಂಡಿಯ ಕೆಲಸವನ್ನೇ ಹಟ ಹಿಡಿದು ಮಾಡುವುದರಿಂದ ಅವರನ್ನು ಎಲ್ಲರೂ ಪಾತಾಳಣ್ಣ ಎನ್ನುತ್ತಾರೆ. ಮೈಕು ಹಿಡಿದು ಅವರು, "ಸಾರ್ ಮಾತು ಕಮ್ಮಿ. ಆದ್ರೆ ನಮ್ ಜೀವದ ಬಗ್ಗೆ ಇಷ್ಟು ಯೋಚನೆ ಮಾಡೋರು ಬೇರೆ ಯಾರಿದ್ದಾರೆ ಹೇಳಿ" ಎಂದರು. ಜನ ಚಪ್ಪಾಳೆ ತಟ್ಟಿದರು. ವೇದಿಕೆ ಇಳಿಯುವಾಗ ಮೆಟ್ಟಿಲು ಕಾಣಲೆಂದು ನಾನು ತಲೆ ತಗ್ಗಿಸಿಕೊಂಡೇ ನಡೆದೆ. ಎಂಥ ವಿನಯ ಎಂದು ಯಾರೋ ಹೇಳಿದ್ದು ಕೇಳಿಸಿತು.

ಈಗ ಈ ತಿಂಗಳ ಆರನೇ ತಾರೀಖಿಗೆ ಬರುತ್ತೇನೆ.

ಆರು ಅಂತಸ್ತಿನ ಒಂದು ಹಳೆಯ ಕಚೇರಿ ಕಟ್ಟಡ. ಬೆಳಗಿನ ಹನ್ನೊಂದು ಗಂಟೆ. ಪಾತಾಳಣ್ಣ ತಳದ ಗುಂಡಿಯಲ್ಲಿ ಬಗ್ಗಿ ಎಣ್ಣೆ ಒರೆಸುತ್ತಿದ್ದರು. ನಾನು ಅವರ ತಲೆಯಿಂದ ಸುಮಾರು ಎರಡೂವರೆ ಮೀಟರು ಮೇಲೆ ನಿಂತಿದ್ದ ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲಿದ್ದೆ. ನಮ್ಮಿಬ್ಬರ ಬಳಿಯೂ ಒಂದೊಂದು ಕೆಂಪು ಒತ್ತುಗುಂಡಿಯಿರುತ್ತದೆ. ಯಾವುದನ್ನು ಒತ್ತಿಟ್ಟರೂ ಪೆಟ್ಟಿಗೆ ಒಂದು ಕೂದಲಿನಷ್ಟೂ ಅಲುಗುವುದಿಲ್ಲ. ಇಬ್ಬರೂ ತಂತಮ್ಮದನ್ನು ಒತ್ತಿಯೇ ಕೆಲಸ ಶುರುಮಾಡಬೇಕೆಂಬುದು ನಿಯಮ. ಪಾತಾಳಣ್ಣ ಒತ್ತಿದ್ದರು. ನಾನು ಒತ್ತಿರಲಿಲ್ಲ. ನನ್ನ ಗುಂಡಿ ಮಂಡಿಯ ಮಟ್ಟದಲ್ಲಿತ್ತು; ಅದಕ್ಕೆ ಬಗ್ಗಿ, ಪಕ್ಕಕ್ಕೆ ತಿರುಗಿ ನೋಡಬೇಕಿತ್ತು; ಅಷ್ಟು ಹೊತ್ತು ಪಾದಗಳ ಮೇಲಿನ ಕಣ್ಣು ತೆಗೆಯಬೇಕಿತ್ತು. ಆದ್ದರಿಂದ ಎರಡು ತಿಂಗಳಿಂದ ಆ ಕೆಂಪು ಗುಂಡಿಯನ್ನು ಒತ್ತುವುದನ್ನೇ ಬಿಟ್ಟಿದ್ದೆ. ಬೆಳಕಿಗಾಗಿ ಮೂರು ಪುಟ ಬರೆದವನು, ಬೆಳಕಿನಲ್ಲಿ ಎದ್ದು ಕಾಣುತ್ತಿದ್ದ ಗುಂಡಿಯನ್ನು ಒತ್ತುತ್ತಿರಲಿಲ್ಲ.

ನೆಲಮಹಡಿಯಲ್ಲಿ ಕಟ್ಟಡದ ಕಾವಲುಗಾರನಿಗೆ ನೀರು ಕಾಯಿಸಿಕೊಳ್ಳಬೇಕೆನಿಸಿತು. ಅವನು ನಮ್ಮ ದೀಪದ ಪ್ಲಗ್ಗು ಕಿತ್ತು ತನ್ನ ಕೆಟಲಿನ ಪ್ಲಗ್ಗು ಹಾಕಿದ. ಶಾಫ್ಟು ಕತ್ತಲಾಯಿತು. ಮರುಕ್ಷಣವೇ ನನಗೆ ಕಾಲುಗಳಿಲ್ಲವಾದವು. ನೋವಿಲ್ಲ, ತಲೆಸುತ್ತಿಲ್ಲ, ಸೊಂಟದ ಕೆಳಗೆ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ, ಅಷ್ಟೆ. ಮಂಡಿ ಎತ್ತಲೋ ಮಡಚಿತು, ಕೈ ಸಿಕ್ಕಿದ್ದನ್ನು ಹಿಡಿಯಿತು. ಸಿಕ್ಕಿದ್ದು ಪೆಟ್ಟಿಗೆಯನ್ನು ನಿಧಾನವಾಗಿ ಮೇಲೆ ಕೆಳಗೆ ಓಡಿಸುವ, ಕೈಯಲ್ಲಿ ಹಿಡಿಯುವ ನಿಯಂತ್ರಕ. ಕೈತಪ್ಪಿ ಒತ್ತಿ ಅನಾಹುತವಾಗಬಾರದೆಂದು ಅದರಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಪೆಟ್ಟಿಗೆ ಚಲಿಸುವಂತೆ ಮಾಡಿರುತ್ತಾರೆ. ಬೀಳುವ ಮನುಷ್ಯ ಎಲ್ಲವನ್ನೂ ಒಟ್ಟಿಗೇ ಹಿಡಿಯುತ್ತಾನೆಂಬುದು ಅದನ್ನು ರೂಪಿಸಿದವರಿಗೆ ಹೊಳೆದಿರಲಾರದು. ನಾನು ಎರಡನ್ನೂ ಬಿಗಿಯಾಗಿ ಒತ್ತಿ ಹಿಡಿದಿದ್ದೆ. ದಿಕ್ಕು, ಕೆಳಗೆ.

ಪೆಟ್ಟಿಗೆ ಅಲುಗಲಿಲ್ಲ.

ಕತ್ತಲೆಯ ತಳದಿಂದ ಪಾತಾಳಣ್ಣನ ದನಿ ಬಂತು: "ಏನ್ ಸಾರ್, ಮೇಲೆ ಕುಣಿತಾ ಇದ್ದೀರಾ? ನನ್ ತಲೆ ಮೇಲೆಲ್ಲಾ ಧೂಳು!" ಆಮೇಲೆ ಅವರು ಕಾವಲುಗಾರನನ್ನು ಕೂಗಿ, ಅವನ ಚಹಾಕ್ಕೂ ಅವನ ವಂಶಕ್ಕೂ ಸೇರಿಸಿ ಒಂದು ಮಾತು ಬೈದರು. ದೀಪ ಬಂತು. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ. ಆ ದಿನದ ಕೆಲಸದ ಪುಸ್ತಕದಲ್ಲಿ ನಾನು ಬರೆದ ಸಾಲು ಇದು: "ದೀಪ ಎರಡು ನಿಮಿಷ ಹೋಗಿತ್ತು, ಸರಿಪಡಿಸಲಾಯಿತು." ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇಲ್ಲ.

ಮಾನ್ಯರೇ, ಈ ಹಿನ್ನೆಲೆಯಲ್ಲಿ ನನ್ನ ಬೇಡಿಕೆಗಳು ಅತ್ಯಂತ ಸಾಧಾರಣವಾದವು. ಇನ್ನು ಮುಂದೆ ತಾವು ಕೆಲಸ ನಿಲ್ಲಿಸುವುದಿದ್ದರೆ ಹದಿನೈದು ದಿನ ಮೊದಲು ಲಿಖಿತ ಸೂಚನೆ ಕೊಡಬೇಕು. ದೋಷವಿದ್ದಾಗ ನನ್ನ ಹಣೆಯ ಮೇಲೆ ಇತರರಿಗೆ ಕಾಣುವಂತೆ ಎರಡಂಕಿಯ ಸಂಖ್ಯೆ ಹೊಳೆಯಬೇಕು, ಏಕೆಂದರೆ ನಾನಾಗಿ ಯಾರಿಗೂ ಹೇಳುವವನಲ್ಲ. ಎರಡೂ ಮಂಡಿಗಳಿಗೆ ಒಂದೊಂದು ಸಣ್ಣ ಗಂಟೆ, ಮಡಚುವ ಮುನ್ನ ತಾನೇ ಬಡಿದುಕೊಳ್ಳುವಂಥದ್ದು, ಆಗಬೇಕು. ಪಾದಗಳು ತಾವಿರುವ ಸ್ಥಳವನ್ನು ದಿನಕ್ಕೆರಡು ಬಾರಿ ಸಹಿ ಹಾಕಿ ದೃಢೀಕರಿಸಬೇಕು. ಇಷ್ಟೂ ಸಾಧ್ಯವಿಲ್ಲವಾದರೆ, ಸಂಬಂಧಪಟ್ಟ ಸಂವೇದಕರನ್ನೆಲ್ಲ ಕಳಚಿ, ಹೊಸಬರನ್ನು ಕೂರಿಸಿ, ಹಳಬರನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ನನ್ನ ಮೇಜಿನ ಮೇಲಿಡಬೇಕೆಂದು ವಿನಂತಿಸುತ್ತೇನೆ. ನಮ್ಮಲ್ಲಿ ಪದ್ಧತಿ ಹಾಗಿದೆ.

ಇಲ್ಲಿಯವರೆಗಿನ ಪತ್ರವನ್ನು ನಾನು ಹನ್ನೊಂದನೇ ತಾರೀಖು ಬರೆದೆ. ಇಂದು ಹದಿನೈದು. ನಡುವೆ ನಡೆದದ್ದರಿಂದ ಮೇಲಿನ ಬಹುಭಾಗ ತಪ್ಪೆಂದು ಗೊತ್ತಾಗಿದೆ. ಹಾಗೆಂದು ಹರಿದು ಹೊಸದಾಗಿ ಬರೆಯುವಂತಿಲ್ಲ; ಕೆಲಸದ ಪುಸ್ತಕದಲ್ಲಿ ತಪ್ಪಾದರೆ ಅಳಿಸಬಾರದು, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕೆಂದು ನಾನೇ ಹೊಸಬರಿಗೆ ಕಲಿಸಿದ್ದೇನೆ. ಆದ್ದರಿಂದ ಹಾಗೆಯೇ ಬಿಟ್ಟು ಮುಂದುವರಿಸುತ್ತೇನೆ.

ಹನ್ನೆರಡನೇ ತಾರೀಖು ಬೆಳಿಗ್ಗೆ ಹೆಂಡತಿ ನನ್ನ ಚಪ್ಪಲಿಯನ್ನು ಬಾಗಿಲ ಬಳಿ ತಂದಿಟ್ಟು, "ಹೊರಡಿ, ಡಾಕ್ಟರ ಹತ್ತಿರ ಹೇಳಿಟ್ಟಿದ್ದೀನಿ" ಎಂದಳು. ಯಾರಿಗೆ ಏನಾಗಿದೆ ಎಂದು ಕೇಳಿದೆ. "ನಿಮ್ಮ ಕಚೇರೀಲಿ ಒಬ್ಬರಿಗೆ" ಎಂದಳು.

ನರರೋಗದ ವೈದ್ಯೆ ಸಣ್ಣ ಮೈಕಟ್ಟಿನ, ಅವಸರವಿಲ್ಲದ ಹೆಂಗಸು. ಕವಲುಳ್ಳ ಉಕ್ಕಿನ ಕಡ್ಡಿಯೊಂದನ್ನು ತಟ್ಟಿ ಅದರ ಬುಡವನ್ನು ನನ್ನ ಕಾಲಿನ ಗೆಣ್ಣಿನ ಮೇಲಿಟ್ಟು, ಕಂಪನ ತಿಳಿಯುತ್ತಿದೆಯೇ ಎಂದು ಕೇಳಿದರು. ಕಡ್ಡಿ ಕೆಲಸ ಮಾಡುತ್ತಿಲ್ಲವೆಂದು ತೋರಿದ್ದರಿಂದ, ಬೇಕಾದರೆ ನಾನು ಪರೀಕ್ಷಿಸಿ ಕೊಡುತ್ತೇನೆ ಎಂದೆ. ಅವರು ಅದನ್ನೇ ನನ್ನ ಮೊಣಕೈಗೆ ಇಟ್ಟರು. ಹಲ್ಲಿನವರೆಗೂ ಝುಮ್ಮೆಂದಿತು.

ಆನಂತರ ಕಣ್ಣು ಮುಚ್ಚಲು ಹೇಳಿ, ನನ್ನ ಎಡಗಾಲಿನ ಹೆಬ್ಬೆರಳನ್ನು ಎರಡೂ ಪಕ್ಕದಿಂದ ಹಿಡಿದು ಅಲುಗಿಸುತ್ತಾ, "ಹೇಳಿ, ಈಗ ಮೇಲಾ, ಕೆಳಗಾ?" ಎಂದು ಕೇಳತೊಡಗಿದರು. ನಾನು ಪ್ರತಿ ಬಾರಿಯೂ ತಡವರಿಸದೆ ಉತ್ತರ ಕೊಟ್ಟೆ. ಹತ್ತು ಸಲವಾದ ಮೇಲೆ ಕಣ್ಣು ತೆರೆಯಲು ಹೇಳಿದರು.

"ಏಳು ತಪ್ಪು. ಏನು ಕೆಲಸ ಮಾಡ್ತೀರಿ?"

"ಲಿಫ್ಟ್ ರಿಪೇರಿ."

ವೈದ್ಯೆ ಕೆಮ್ಮಿದಂತೆ ಮಾಡಿ ಮುಖ ಆಚೆ ತಿರುಗಿಸಿದರು. ನನ್ನ ಹೆಂಡತಿ ಅಷ್ಟು ಶ್ರಮ ತೆಗೆದುಕೊಳ್ಳಲಿಲ್ಲ. ಕುರ್ಚಿ ಅಲುಗುವಷ್ಟು ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು, ಒರೆಸಿಕೊಂಡ ಮೇಲೂ ಬಹಳ ಹೊತ್ತು ಸೆರಗು ಕಣ್ಣಿನಿಂದ ಇಳಿಯಲಿಲ್ಲ.

ನಾನು ಸ್ವಲ್ಪ ಬಿರುಸಾಗಿಯೇ, ಹಾಗಾದರೆ ಸ್ನಾಯುಗಳೊಳಗಿನ ಸೆನ್ಸರುಗಳು ಕೆಟ್ಟಿವೆಯಲ್ಲವೇ ಎಂದು ಕೇಳಿದೆ. ಅವರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಫಲಿತಾಂಶ ನಿನ್ನೆ ಬಂತು; ಅದನ್ನು ನೋಡಿ ವೈದ್ಯೆ ಹೇಳಿದರು: "ಸೆನ್ಸರುಗಳ ತಪ್ಪು ಏನೂ ಇಲ್ಲ ಸ್ವಾಮಿ. ಅವು ಪಾಪ ಸುದ್ದಿ ಕಳಿಸ್ತಾನೇ ಇವೆ. ಸುದ್ದಿ ಹೊತ್ತು ತರೋ ನರಗಳ ಹೊದಿಕೆ ಸವೆದಿದೆ, ಬೆನ್ನುಹುರಿ ಹಿಂಭಾಗದಲ್ಲೂ ಸವೆದಿದೆ. ಒಂದು ವಿಟಮಿನ್ ನಿಮ್ಮ ರಕ್ತದಲ್ಲಿ ಇಲ್ಲ ಅನ್ನೋ ಮಟ್ಟಕ್ಕೆ ಇಳಿದುಹೋಗಿದೆ." ಆಮೇಲೆ ನಾನು ಯಾವ ಮಾತ್ರೆ ತೆಗೆದುಕೊಳ್ಳುತ್ತೇನೆಂದು ಕೇಳಿದರು. ಹೊಟ್ಟೆಯುರಿಗೆ ಒಂದು, ದಿನಾಲೂ, ಹನ್ನೊಂದು ವರ್ಷದಿಂದ ಎಂದೆ. "ಅದನ್ನ ಅಷ್ಟು ವರ್ಷ ನುಂಗಿದ್ರೆ ಊಟದಲ್ಲಿರೋ ಈ ವಿಟಮಿನ್ ಮೈಗೆ ಹತ್ತೋದು ಕಮ್ಮಿಯಾಗುತ್ತೆ. ಅದೊಂದೇ ಕಾರಣ ಅಂತ ಹೇಳಲ್ಲ. ಯಾರು ಬರೆದುಕೊಟ್ಟಿದ್ದು?"

ಎರಡು ವಾರಕ್ಕೆಂದು ಯಾರೋ ಬರೆದುಕೊಟ್ಟಿದ್ದರು. ಮಿಕ್ಕ ಹತ್ತು ವರ್ಷ ಐವತ್ತು ವಾರಗಳಿಗೆ ಬರೆದುಕೊಂಡವನು ನಾನೇ.

ಮಾನ್ಯರೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸೆನ್ಸರು ಸತ್ತಿದೆ ಎಂದು ಓಡಿಬರುವ ಪ್ರತಿ ಹೊಸಬನಿಗೂ ಇಪ್ಪತ್ತೆಂಟು ವರ್ಷಗಳಿಂದ ನಾನು ಹೇಳುತ್ತಾ ಬಂದಿರುವುದು ಒಂದೇ ಮಾತು: ಮೊದಲು ಕೇಬಲ್ ನೋಡು, ಆಮೇಲೆ ಸೆನ್ಸರಿಗೆ ಕೈಹಾಕು. ನನ್ನ ಸ್ವಂತ ಕಾಲಿನ ವಿಷಯದಲ್ಲಿ, ಕೇಬಲ್ ನೋಡುವುದಿರಲಿ, ಕೇಬಲ್ಲಿಗೆ ಹನ್ನೊಂದು ವರ್ಷ ಇಲಿಯಂತೆ ಹಲ್ಲು ಹಚ್ಚಿದವನು ನಾನೇ ಆಗಿದ್ದು, ತಾವು ಕತ್ತಲ ಮೂಲೆಯಲ್ಲಿ ಕುಳಿತು ಎಂದಿನಂತೆ "ಹಿಗ್ಗಿದೆ, ಹಿಗ್ಗಿದೆ" ಎಂದು ವರದಿ ಒಪ್ಪಿಸುತ್ತಿದ್ದ ಹೊತ್ತಿನಲ್ಲಿ, ತಮ್ಮನ್ನು ಪೊಟ್ಟಣ ಕಟ್ಟಿ ಮೇಜಿನ ಮೇಲಿಡಿ ಎಂದು ಬರೆದೆ. ಮೇಲಿನ ಬೇಡಿಕೆಗಳ ಮೇಲೆ ಒಂದೇ ಗೆರೆ ಎಳೆದಿದ್ದೇನೆ, ಸಹಿ ಹಾಕಿದ್ದೇನೆ.

ಇಂಜೆಕ್ಷನ್ ಶುರುವಾಗಿದೆ. ಎಷ್ಟು ಮರಳಿ ಬರುತ್ತದೆ, ಎಷ್ಟು ಬರುವುದಿಲ್ಲ ಎಂಬುದನ್ನು ತಿಂಗಳುಗಳು ಹೇಳಬೇಕಂತೆ. ತಾನು ಮತ್ತೆ ಪರೀಕ್ಷಿಸಿ ಒಪ್ಪುವ ತನಕ ಕತ್ತಲಲ್ಲೂ ಎತ್ತರದಲ್ಲೂ ಕೆಲಸ ಕೂಡದು ಎಂದು ವೈದ್ಯೆ ಹೇಳಿದರು. ಕೊನೆಗೆ, "ಈ ನಾಲ್ಕು ತಿಂಗಳಲ್ಲಿ ಕೆಲಸದ ಜಾಗದಲ್ಲಿ ಏನಾದರೂ ಅಪಾಯ ಆಯ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಹೆಂಡತಿ ನನ್ನ ಮುಖ ನೋಡಿದಳು.

ಇಂದು ಮಧ್ಯಾಹ್ನ ಒಂದು ಕಟ್ಟಡದ ಹಿಂಬದಿಯ ಮೆಟ್ಟಿಲ ಮೇಲೆ ಪಾತಾಳಣ್ಣನೂ ನಾನೂ ಊಟದ ಡಬ್ಬಿ ಬಿಚ್ಚಿದ್ದೆವು. ಅವರು ಎಂದಿನಂತೆ ನನ್ನ ಡಬ್ಬಿಗೆ ಇಣುಕಿ, "ಮನೇಲಿ ಜಗಳ ಏನ್ ಸಾರ್? ಇಷ್ಟೇನಾ ಹಾಕಿರೋದು?" ಎಂದರು. ನಾನು ಹೇಳಿದೆ. ಕಣ್ಣು ಮುಚ್ಚಿದರೆ ಆಗುವುದನ್ನು, ದೀಪಗಳ ಪ್ರಸ್ತಾವವನ್ನು, ಒತ್ತದ ಕೆಂಪು ಗುಂಡಿಯನ್ನು, ಒತ್ತಿದ ಎರಡು ಗುಂಡಿಗಳನ್ನು, ದಿಕ್ಕನ್ನು, ಕ್ರಮವಾಗಿ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಇಲ್ಲದಿದ್ದರೆ ಏನೋ ಒಂದು ತಮಾಷೆ ಮಾಡಿ ನನ್ನನ್ನು ಬಿಟ್ಟುಬಿಡುತ್ತಾರೆಂದುಕೊಂಡಿದ್ದೆ. ಅವರು ಡಬ್ಬಿಯ ಮುಚ್ಚಳವನ್ನು ಹಾಕಿ, ಅದು ಕೂತಿತೋ ಇಲ್ಲವೋ ಎಂದು ಸುತ್ತಲೂ ಒತ್ತಿ ನೋಡಿದರು.

"ಆರನೇ ತಾರೀಖು."

"ಹೌದು."

"ಇವತ್ತು ಹದಿನೈದು. ಅದಾದ ಮೇಲೆ ನಾನು ಗುಂಡಿಗೆ ನಾಲ್ಕು ಸಲ ಇಳಿದಿದ್ದೀನಿ. ನಾಲ್ಕು ಸಲಾನೂ ಮೇಲೆ ನೀವಿದ್ರಿ."

ನಾನು ಎಣಿಸಿ ನೋಡಿದೆ. ನಾಲ್ಕೇ.

"ಬಿದ್ದಿದ್ದಕ್ಕೆ ನಾನೇನೂ ಹೇಳಲ್ಲ ಸಾರ್. ಮೈ ಅನ್ನೋದು ಯಾರಿಗಾದ್ರೂ ಕೈಕೊಡುತ್ತೆ. ಒಂಬತ್ತು ದಿನ ಬಾಯಿ ಎಲ್ಲಿ ಇಟ್ಕೊಂಡಿದ್ರಿ?"

ಅವರು ಎದ್ದು ಅಂಗೈ ಚಾಚಿದರು. "ಕೀ ಕೊಡಿ." ಲಿಫ್ಟಿನ ಬಾಗಿಲುಗಳನ್ನು ಹೊರಗಿನಿಂದ ತೆರೆಯುವ ಮೂರುಮೂಲೆಯ ಕೀ ಇಲ್ಲದೆ ಯಾರೂ ಶಾಫ್ಟಿಗೆ ಇಳಿಯಲಾಗದು, ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಸೊಂಟದಿಂದ ಅದನ್ನು ಯಾರೂ ಕೇಳಿ ಪಡೆದಿರಲಿಲ್ಲ. ಕೊಟ್ಟೆ. "ಆಫೀಸಲ್ಲಿ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದರು. ನಾನು ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದೆ. ಅವರು ನನ್ನ ಚೀಲವನ್ನೂ ತಮ್ಮ ಚೀಲದ ಜೊತೆ ಹೆಗಲಿಗೆ ಹಾಕಿಕೊಂಡು, ಇಳಿಯುವಾಗ ನನಗೆ ಕಂಬಿಯ ಪಕ್ಕ ಬಿಟ್ಟು, ಒಂದು ಮೆಟ್ಟಿಲು ಕೆಳಗಿದ್ದುಕೊಂಡೇ ನಡೆದರು.

ಆದ್ದರಿಂದ, ಮಾನ್ಯರೇ, ಈ ದೂರನ್ನು ತಮ್ಮ ವಿರುದ್ಧ ಹಿಂತೆಗೆದುಕೊಂಡಿದ್ದೇನೆ. ಶಾಫ್ಟಿಗೆ ಇಳಿಯಲಾಗದ ಲಿಫ್ಟ್ ಮೆಕ್ಯಾನಿಕ್ಕಿಗೆ ಕಂಪನಿಯಲ್ಲಿ ಯಾವ ಕುರ್ಚಿಯಿದೆ, ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ತಮ್ಮಲ್ಲಿ ಉಳಿದಿರುವುದು ಒಂದೇ ಪ್ರಾರ್ಥನೆ: ದಾರಿ ಸರಿಹೋದ ದಿನ, ಈ ಪತ್ರದ ಭಾಷೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಎಡಗಾಲಿನ ಹೆಬ್ಬೆರಳಿನಿಂದಲಾದರೂ ಸರಿ, ಒಂದು ಸಾಲಿನ ವರದಿ ಕಳಿಸಿ. ಓದಲು ನಾನು ಇರುತ್ತೇನೆ.

ತಮ್ಮ ಸೇವೆಯನ್ನು ತಡವಾಗಿ ಅರಿತ, ತಮ್ಮ ವಿಶ್ವಾಸಿ,
ಕಚೇರಿಯಲ್ಲಿ ಒಬ್ಬರು

ಮರೆತ ಮಾತು: ನಾಲಿಗೆಯೂ ಸ್ನಾಯುವೇ, ಅದರೊಳಗೂ ತಮ್ಮ ಬಂಧುಗಳಿದ್ದಾರೆ ಎಂದು ಮಗಳು ಹೇಳುತ್ತಾಳೆ. ವೈದ್ಯೆ ಅದನ್ನು ಹೊರಚಾಚಿಸಿ, ಎಡಬಲ ಆಡಿಸಿ ಪರೀಕ್ಷಿಸಿ, ನಾಲಿಗೆ ಸಂಪೂರ್ಣ ಸರಿಯಾಗಿದೆ ಎಂದು ಚೀಟಿಯಲ್ಲಿ ಬರೆದಿದ್ದಾರೆ. ಅಲ್ಲಿನ ಸಂವೇದಕರು ಆರೋಗ್ಯವಾಗಿದ್ದಾರೆ, ತಂತಿ ಸವೆದಿಲ್ಲ, ವಿಟಮಿನ್ನಿನ ನೆಪವೂ ಇಲ್ಲ; ಒಂಬತ್ತು ದಿನ ಅದು ಅಲುಗದೆ ಇದ್ದುದಕ್ಕೆ ಯಾರ ಮೇಲೆ ದೂರು ಬರೆಯಬೇಕೆಂದು ತಮ್ಮ ಇಲಾಖೆಯಿಂದ ಸಲಹೆ ಬಂದರೆ ಉಪಕಾರವಾಗುತ್ತದೆ. ಬರುವ ತನಕ ಕಾಯುವುದಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಗೆ ಹೋಗಿ, ಆರನೇ ತಾರೀಖು ನಡೆದದ್ದನ್ನು ಪಾತಾಳಣ್ಣನ ಎದುರಿಗೆ ನಾನೇ ಬಾಯಿಬಿಟ್ಟು ಹೇಳುತ್ತೇನೆ.